ಲಂಗರು, ಪಂಕ್ತಿ, ಎಂಜಲು: ದೆಹಲಿಯ ಒಂದು ಅನ್ನಶಾಲೆಯನ್ನು ಕುರಿತು

ಲಂಗರು ಎಂಬ ಶಬ್ದವನ್ನು ಕೇಳಿದೊಡನೆ ಕನ್ನಡಿಗರ ಮನಸ್ಸಿಗೆ ಬರುವುದು ಹಡಗು. ಫಾರಸಿ ಮೂಲದ ಈ ಪದ ನಮ್ಮಲ್ಲಿ ಹಡಗನ್ನು ತಡೆದು ನಿಲ್ಲಿಸುವ ಕಬ್ಬಿಣದ ಕೊಕ್ಕೆ ಎಂಬ ಅರ್ಥದಲ್ಲಿ ಮಾತ್ರ ಬಳಕೆಯಲ್ಲಿದೆ. ಮೂಲ ಭಾಷೆಯಲ್ಲಿ ಅದಕ್ಕೆ ಇನ್ನೊಂದು ಅರ್ಥವೂ ಉಂಟು: ಬಂದವರಿಗೆಲ್ಲ ಅನ್ನವಿಕ್ಕುವ ಸ್ಥಳ. ಪಂಜಾಬಿನಲ್ಲಿ ಈ ಎರಡನೆಯ ಅರ್ಥವೇ ನೆಲೆಗೊಂಡು, ಸಿಖ್ಖರ ಗುರುದ್ವಾರಗಳಲ್ಲಿ ನಡೆಯುವ ಸಾಮೂಹಿಕ ಅಡುಗೆಗೂ ಊಟಕ್ಕೂ ಲಂಗರ್ ಎಂಬುದೇ ಹೆಸರಾಯಿತು.

ಲಂಗರನ್ನು ನಮ್ಮ ದಾಸೋಹದೊಡನೆ ಹೋಲಿಸುವುದು ಹೊಸತಲ್ಲ. ಆದರೆ ಇಂತಹ ಹೋಲಿಕೆಗಳಲ್ಲಿ ಬಹುಪಾಲು 'ಎರಡೂ ಒಂದೇ' ಎಂಬ ಸಂತೋಷದಲ್ಲಿ ಮುಗಿದುಬಿಡುತ್ತವೆ. ನಾವೂ ಹಲವು ವರ್ಷ ತರಗತಿಗಳಲ್ಲಿ ಹಾಗೆಯೇ ಹೇಳುತ್ತ ಬಂದವರು. ದೆಹಲಿಯ ಬಂಗ್ಲಾ ಸಾಹಿಬ್ ಗುರುದ್ವಾರದ ಅಡುಗೆಮನೆಯಲ್ಲಿ ಕೆಲವು ಭಾನುವಾರ ಕೆಲಸ ಮಾಡಿದ ಮೇಲೆ ಆ ಮಾತನ್ನು ತಿದ್ದಿಕೊಳ್ಳಬೇಕಾಯಿತು. ಆ ತಿದ್ದುಪಡಿಯನ್ನು ಓದುಗರ ಮುಂದಿಡುವುದೇ ಪ್ರಸ್ತುತ ಲೇಖನದ ಉದ್ದೇಶ.

೧

ನಮ್ಮನ್ನು ಅಲ್ಲಿಗೆ ಕರೆದೊಯ್ದವನು ಬಸವಕಲ್ಯಾಣ ತಾಲ್ಲೂಕಿನಿಂದ ಬಂದ ನಮ್ಮ ಸಂಶೋಧನ ವಿದ್ಯಾರ್ಥಿ. ಶಿಷ್ಯವೇತನ ತಡವಾದ ತಿಂಗಳುಗಳಲ್ಲಿ ಊಟಕ್ಕೇನು ಮಾಡುತ್ತೀಯೆಂದು ಒಮ್ಮೆ ಕೇಳಿದೆವು. "ಬಂಗ್ಲಾ ಸಾಹಿಬ್ ಇದೆಯಲ್ಲ ಸರ್" ಎಂದ. ಆ ಉತ್ತರದಲ್ಲಿ ಸಂಕೋಚದ ಎಳೆಯೂ ಇರಲಿಲ್ಲ. ಧರ್ಮದ ಊಟವನ್ನು ಸಂಕೋಚವಿಲ್ಲದೆ ಉಣ್ಣುವುದು ಹೇಗೆ ಸಾಧ್ಯವಾಯಿತೆಂಬ ಕುತೂಹಲವೇ ನಮ್ಮ ಮೊದಲ ಭೇಟಿಗೆ ಕಾರಣ.

ಬಂಗ್ಲಾ ಸಾಹಿಬ್ ಇರುವ ಜಾಗ ಮೊದಲು ಅಂಬೇರದ ರಾಜ ಜಯಸಿಂಹನ ಬಂಗಲೆಯಾಗಿತ್ತು. ಎಂಟನೆಯ ಗುರು ಹರಕೃಷ್ಣರು ೧೬೬೪ರಲ್ಲಿ ಇಲ್ಲಿ ತಂಗಿದ್ದರು. ಆಗ ದೆಹಲಿಯಲ್ಲಿ ಸಿಡುಬು ಹರಡಿತ್ತು. ರೋಗಿಗಳಿಗೆ ಈ ಮನೆಯ ಬಾವಿಯ ನೀರನ್ನು ಕೊಟ್ಟು ಉಪಚರಿಸಿದ ಗುರುಗಳು, ಎಂಟು ವರ್ಷ ತುಂಬುವ ಮೊದಲೇ ಅದೇ ರೋಗಕ್ಕೆ ತುತ್ತಾದರೆಂದು ಸಿಖ್ ಪರಂಪರೆ ಹೇಳುತ್ತದೆ. ೧೭೮೩ರಲ್ಲಿ ಸರದಾರ ಬಘೇಲ್ ಸಿಂಹನು ಇಲ್ಲೊಂದು ಚಿಕ್ಕ ಗುರುದ್ವಾರವನ್ನು ಕಟ್ಟಿಸಿದನು. ಇಂದಿನ ಬಂಗಾರದ ಗುಮ್ಮಟದ ಕಟ್ಟಡ ಬಹು ಈಚಿನದು.

ಪಾದರಕ್ಷೆಗಳನ್ನು ಒಪ್ಪಿಸಿ, ತಲೆಗೆ ಬಟ್ಟೆ ಕಟ್ಟಿಕೊಂಡು, ಕಾಲು ತೊಳೆದು ಒಳಹೊಕ್ಕೆವು. ದರ್ಶನವಾದ ಮೇಲೆ ಲಂಗರಿನ ಸಭಾಂಗಣದಲ್ಲಿ ಉದ್ದಕ್ಕೆ ಹಾಸಿದ್ದ ಚಾಪೆಗಳ ಮೇಲೆ, ಯಾರ ಪಕ್ಕದಲ್ಲಿ ಜಾಗ ಸಿಕ್ಕಿತೋ ಅಲ್ಲಿ, ಕುಳಿತೆವು. ಎಡಕ್ಕೆ ನಮ್ಮ ವಿದ್ಯಾರ್ಥಿ, ಬಲಕ್ಕೆ ಒಬ್ಬ ರಿಕ್ಷಾ ಎಳೆಯುವವನು, ಎದುರಿಗೆ ಪ್ರವಾಸಕ್ಕೆ ಬಂದ ಒಂದು ಕುಟುಂಬ. ಉಕ್ಕಿನ ತಟ್ಟೆಗಳು ಬಂದವು. ಬೇಳೆ, ಪಲ್ಯ, ಕೊನೆಗೆ ಖೀರು. ರೊಟ್ಟಿ ಬಡಿಸುವ ಹುಡುಗ ನಮ್ಮ ಮುಂದೆ ನಿಂತಾಗ ಅಭ್ಯಾಸಬಲದಿಂದ ಬಲಗೈಯನ್ನಷ್ಟೇ ಒಡ್ಡಿದೆವು. ಅವನು ಕೊಡದೆ, ಏನೂ ಹೇಳದೆ, ಕಾದು ನಿಂತ. ಪಕ್ಕದ ರಿಕ್ಷಾದವನು ತನ್ನ ಎರಡು ಅಂಗೈಗಳನ್ನು ಜೋಡಿಸಿ ತೋರಿಸಿದ. ಹಾಗೆ ಒಡ್ಡಿದ ಮೇಲೆ ರೊಟ್ಟಿ ಬಿತ್ತು. ಲಂಗರಿನಲ್ಲಿ ರೊಟ್ಟಿ ಪ್ರಸಾದವಾದುದರಿಂದ ಅದನ್ನು ಬೊಗಸೆಯಲ್ಲಿ ಸ್ವೀಕರಿಸಬೇಕು. ಬಡವನೂ ಬಲ್ಲಿದನೂ ಒಂದೇ ಭಂಗಿಯಲ್ಲಿ ಬೇಡುವ ಈ ನಿಯಮದಲ್ಲಿ ನಮ್ಮ ವಿದ್ಯಾರ್ಥಿಯ ನಿಸ್ಸಂಕೋಚಕ್ಕೆ ಅರ್ಧ ಉತ್ತರ ದೊರೆಯಿತು. ಎಲ್ಲರೂ ಬೇಡುವೆಡೆಯಲ್ಲಿ ಭಿಕ್ಷುಕನೆಂಬವನು ಪ್ರತ್ಯೇಕವಾಗಿ ಉಳಿಯುವುದಿಲ್ಲ.

೨

ಲಂಗರಿನಲ್ಲಿ ಹೀಗೆ ಕುಳಿತುಣ್ಣುವ ಸಾಲಿಗೆ ಪಂಗತ್ ಎಂದು ಹೆಸರು. ಇದು ಸಂಸ್ಕೃತದ ಪಂಕ್ತಿ ಶಬ್ದದ ತದ್ಭವವೆಂಬುದು ಸ್ಪಷ್ಟ. ಈ ಪದದ ಪೂರ್ವಚರಿತ್ರೆಯನ್ನು ಗಮನಿಸಬೇಕು. ಧರ್ಮಶಾಸ್ತ್ರಗಳಲ್ಲಿ ಶ್ರಾದ್ಧಾದಿಗಳ ಊಟಕ್ಕೆ ಯಾರು ಅರ್ಹರು, ಯಾರು ಅನರ್ಹರು ಎಂಬ ವಿಚಾರ ವಿಸ್ತಾರವಾಗಿ ಬರುತ್ತದೆ. ಕುಳಿತಮಾತ್ರದಿಂದ ಸಾಲನ್ನು ಶುದ್ಧಗೊಳಿಸುವವನು ಪಂಕ್ತಿಪಾವನ. ಸಾಲನ್ನು ಕೆಡಿಸುವವನು ಪಂಕ್ತಿದೂಷಕ. ಅಂದರೆ ಪಂಕ್ತಿ ಎಂಬುದು ಜನರನ್ನು ಕೂಡಿಸುವ ಸಾಧನವಾಗಿರುವಷ್ಟೇ ಜನರನ್ನು ಆಯ್ದು ಹೊರಗಿಡುವ ಸಾಧನವೂ ಆಗಿತ್ತು. ಕನ್ನಡದಲ್ಲಿ ಪಂಕ್ತಿಭೇದ ಎಂಬ ಮಾತು ಇಂದಿಗೂ ವಿವರಣೆಯಿಲ್ಲದೆ ಅರ್ಥವಾಗುತ್ತದೆ.

ನಮಗೆ ಅದು ಅರ್ಥವಾದುದು ನಿಘಂಟಿನಿಂದಲ್ಲ. ಬಾಲ್ಯದಲ್ಲಿ ನಮ್ಮೂರ ದೇವಸ್ಥಾನದ ಸಂತರ್ಪಣೆಯಂದು ಒಳಾಂಗಣದಲ್ಲಿ ಒಂದು ಪಂಕ್ತಿ, ಹೊರಜಗಲಿಯಲ್ಲಿ ಇನ್ನೊಂದು, ಅಂಗಳದ ಬೇಲಿಯ ಬಳಿ ಮೂರನೆಯದು. ಶಾಲೆಯಲ್ಲಿ ನಮ್ಮ ಪಕ್ಕದ ಮಣೆಯ ಗೆಳೆಯ ಆ ಮೂರನೆಯ ಪಂಕ್ತಿಯಲ್ಲಿ ಕುಳಿತಿರುತ್ತಿದ್ದ. ಊಟವಾದ ಮೇಲೆ ಒಳಾಂಗಣದ ಎಂಜಲೆಲೆಗಳನ್ನು ಎತ್ತುತ್ತಿದ್ದವರು ಅವನ ಮನೆಯವರು. ಮೂರೂ ಪಂಕ್ತಿಗಳಿಗೆ ಒಂದೇ ಕೊಪ್ಪರಿಗೆಯ ಅನ್ನವೇ ಬೀಳುತ್ತಿತ್ತು. ಆದುದರಿಂದ ಅನ್ನದಾನ ನಡೆಯಲಿಲ್ಲವೆಂದು ಹೇಳುವಂತಿಲ್ಲ.

ಈ ಹಿನ್ನೆಲೆಯಲ್ಲಿ, ಅನ್ನದಾನದ ಚರಿತ್ರೆಯನ್ನು ಬರೆಯುವವರು ಕೇಳಬೇಕಾದ ಪ್ರಶ್ನೆ ಒಂದಲ್ಲ, ಮೂರು ಎಂದು ನಮಗೆ ತೋರುತ್ತದೆ. ಅನ್ನ ಯಾರಿಗೆ? ಉಣ್ಣುವಾಗ ಯಾರ ಪಕ್ಕದಲ್ಲಿ ಯಾರು? ಎಂಜಲನ್ನು ಎತ್ತುವವರು ಯಾರು? ಮೊದಲನೆಯದಕ್ಕೆ ನಮ್ಮ ಶಾಸನಗಳು ಉದಾರವಾದ ಉತ್ತರವನ್ನೇ ಕೊಡುತ್ತವೆ. ಬಳ್ಳಿಗಾವೆಯ ಕೋಡಿಯ ಮಠವನ್ನು ವರ್ಣಿಸುವ ೧೧೬೨ರ ಶಾಸನ ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು, ಹಾಡುವವರು, ಕುಣಿಯುವವರು, ಬೇರೆ ಬೇರೆ ಮತಗಳ ಭಿಕ್ಷುಗಳು ಇವರೆಲ್ಲರಿಗೂ ಅಲ್ಲಿ ಅನ್ನ ದೊರೆಯುತ್ತಿತ್ತೆಂದು ಸಾರುತ್ತದೆ. ಮಧ್ಯಯುಗದ ಜಗತ್ತಿನಲ್ಲಿ ಇಷ್ಟು ವಿಶಾಲವಾದ ಪಟ್ಟಿ ವಿರಳ. ಆದರೆ ಅವರು ಹೇಗೆ ಕುಳಿತರು, ಅವರ ಎಲೆಗಳನ್ನು ಎತ್ತಿದವರಾರು ಎಂಬುದು ಶಾಸನಕ್ಕೆ ವಿಷಯವಾಗಲಿಲ್ಲ.

೩

ಲಂಗರಿನ ವೈಶಿಷ್ಟ್ಯವಿರುವುದು ಎರಡನೆಯ ಪ್ರಶ್ನೆಗೆ ಅದು ಕೊಟ್ಟ ಉತ್ತರದಲ್ಲಿ. ಹಸಿದವರಿಗೆ ಅನ್ನವಿಕ್ಕುವ ಪದ್ಧತಿ ಸೂಫಿಗಳ ಖಾನಖಾಗಳಲ್ಲಿ ಗುರು ನಾನಕರಿಗಿಂತ (೧೪೬೯–೧೫೩೯) ಮೊದಲೇ ಇತ್ತು. ದೆಹಲಿಯ ನಿಜಾಮುದ್ದೀನ್ ಔಲಿಯಾ (ಮರಣ ೧೩೨೫) ಅವರ ಖಾನಖಾದ ಅಡುಗೆಮನೆ ಪ್ರಸಿದ್ಧವಾಗಿತ್ತು. ಅದೇ ಚಿಶ್ತಿ ಪರಂಪರೆಯ ಗೇಸುದರಾಜರು (ಮರಣ ೧೪೨೨) ತೈಮೂರನ ದಾಳಿಯ ಕಾಲದಲ್ಲಿ ದೆಹಲಿಯನ್ನು ಬಿಟ್ಟು, ಮುಂದೆ ಕಲಬುರ್ಗಿಯಲ್ಲಿ ನೆಲಸಿದುದು ಕನ್ನಡಿಗರಿಗೆ ತಿಳಿದೇ ಇದೆ. ನಾನಕರು ರಾವಿ ನದಿಯ ದಂಡೆಯ ಕರ್ತಾರಪುರದಲ್ಲಿ ನೆಲೆನಿಂತಾಗ ಬೇಸಾಯ, ಕೀರ್ತನೆ, ಊಟ ಮೂರನ್ನೂ ಒಂದೇ ಸಮುದಾಯದ ದಿನಚರಿಯಾಗಿಸಿದರು. ಎರಡನೆಯ ಗುರು ಅಂಗದರ ಕಾಲದಲ್ಲಿ ಖಡೂರಿನ ಲಂಗರನ್ನು ನೋಡಿಕೊಂಡವರು ಅವರ ಮಡದಿ ಮಾತಾ ಖೀವಿ. ಗುರು ಗ್ರಂಥ ಸಾಹಿಬ್‌ನಲ್ಲಿ ಆಕೆಯ ಹೆಸರು, ಆಕೆ ಬಡಿಸುತ್ತಿದ್ದ ತುಪ್ಪದ ಖೀರಿನೊಡನೆ, ಸೇರಿಹೋಗಿದೆ. ಅಡುಗೆಮನೆಯ ಹೆಣ್ಣೊಬ್ಬಳ ದುಡಿಮೆಗೆ ಧರ್ಮಗ್ರಂಥದಲ್ಲಿ ಇಂತಹ ಸ್ಥಾನ ದೊರೆತುದು ಅಪರೂಪದ ಸಂಗತಿ.

ಮೂರನೆಯ ಗುರು ಅಮರದಾಸರು (ಗುರುಪದವಿ ೧೫೫೨–೧೫೭೪) ಗೋಯಿಂದವಾಲದಲ್ಲಿ ಈ ಪದ್ಧತಿಯನ್ನು ನಿಯಮವಾಗಿಸಿದರು. ಗುರುವಿನ ದರ್ಶನಕ್ಕೆ ಬರುವವರು ಮೊದಲು ಪಂಗತ್‌ನಲ್ಲಿ ಕುಳಿತು ಉಣ್ಣಬೇಕು. ಅಕ್ಬರನೂ ಹಾಗೆ ಕುಳಿತು ಉಂಡನೆಂಬ ಐತಿಹ್ಯವಿದೆ. ಈ ಐತಿಹ್ಯದ ಸತ್ಯಾಸತ್ಯತೆಗಿಂತ, ಸಮುದಾಯವೊಂದು ತನ್ನ ಹಿರಿಮೆಯನ್ನು ಹೇಳಿಕೊಳ್ಳಲು ಚಕ್ರವರ್ತಿ ಕೊಟ್ಟ ಉಂಬಳಿಯನ್ನಲ್ಲದೆ ಚಕ್ರವರ್ತಿ ಕುಳಿತ ಚಾಪೆಯನ್ನು ಆರಿಸಿಕೊಂಡಿತೆಂಬುದು ಮುಖ್ಯ. ದುಡಿಮೆಯ ಹತ್ತನೆಯ ಒಂದು ಪಾಲನ್ನು ಸಮುದಾಯಕ್ಕೆ ಕೊಡುವ ದಸ್ವಂಧದ ಪದ್ಧತಿ ಬೆಳೆದುಬಂದುದರಿಂದ ಲಂಗರು ಅರಸರ ಹಂಗಿಲ್ಲದೆ ನಡೆಯುವಂತಾಯಿತು. ಹದಿನೆಂಟನೆಯ ಶತಮಾನದ ಸಂಘರ್ಷಗಳ ನಡುವೆಯೂ ಸಿಖ್ಖರ ಮುದ್ರೆ, ನಾಣ್ಯಗಳಲ್ಲಿ ಖಡ್ಗದ ಜೊತೆಗೆ ಅಡುಗೆಯ ಕೊಪ್ಪರಿಗೆಯ ಹೆಸರು ಕಾಣಿಸಿಕೊಂಡುದು ಈ ಸಂಸ್ಥೆಯ ಸ್ಥಾನವನ್ನು ಸೂಚಿಸುತ್ತದೆ.

ಆದರೆ ಪಂಕ್ತಿಯ ಸಮತೆ ಒಮ್ಮೆ ಸ್ಥಾಪನೆಯಾಗಿ ತಾನಾಗಿಯೇ ಉಳಿದುಬಂದಿತೆಂದು ಭಾವಿಸುವುದು ತಪ್ಪಾಗುತ್ತದೆ. ೧೯೨೦ರ ಅಕ್ಟೋಬರಿನಲ್ಲಿ, ಅಸ್ಪೃಶ್ಯರೆನಿಸಿಕೊಂಡಿದ್ದ ಜಾತಿಗಳಿಂದ ಬಂದ ಸಿಖ್ಖರು ಅಮೃತಸರದ ಹರಿಮಂದಿರಕ್ಕೆ ಕಡಾಹ್ ಪ್ರಸಾದವನ್ನು ಒಯ್ದಾಗ ಅಲ್ಲಿನ ಪೂಜಾರಿಗಳು ಅದನ್ನು ಮುಟ್ಟಲೊಪ್ಪಲಿಲ್ಲ. ಕೊನೆಗೆ ಗ್ರಂಥವನ್ನು ತೆರೆದು, ಅಲ್ಲಿ ಬಂದ ವಾಣಿಯ ಆದೇಶದಂತೆ ಪ್ರಸಾದ ಸ್ವೀಕಾರವಾಯಿತು. ಈ ಘಟನೆಯ ಬೆನ್ನಲ್ಲೇ, ಅದೇ ವರ್ಷದ ನವೆಂಬರಿನಲ್ಲಿ, ಶಿರೋಮಣಿ ಗುರುದ್ವಾರ ಪ್ರಬಂಧಕ ಸಮಿತಿ ರೂಪುಗೊಂಡಿತು. ೧೯೨೨ರ ಆಗಸ್ಟಿನಲ್ಲಿ ಅಮೃತಸರದ ಸಮೀಪದ ಗುರು ಕಾ ಬಾಗ್‌ನಲ್ಲಿ ಲಂಗರಿನ ಒಲೆಗಾಗಿ ಒಣಗಿದ ಜಾಲಿಮರವನ್ನು ಕಡಿದ ಐವರು ಅಕಾಲಿಗಳನ್ನು ಸರ್ಕಾರ ಕಳ್ಳತನದ ಆರೋಪದ ಮೇಲೆ ಬಂಧಿಸಿತು. ಅಂದಿನಿಂದ ಪ್ರತಿದಿನ ಒಂದೊಂದು ತಂಡ ಸೌದೆಗೆಂದು ಹೊರಟು, ಲಾಠಿಯ ಏಟುಗಳನ್ನು ಕೈಯೆತ್ತದೆ ಸಹಿಸಿತು. ಅದನ್ನು ಕಣ್ಣಾರೆ ಕಂಡ ಸಿ. ಎಫ್. ಆಂಡ್ರೂಸ್ ತಳಮಳಗೊಂಡು ಬರೆದರು. ಐದು ಸಾವಿರಕ್ಕೂ ಮಿಕ್ಕಿ ಜನ ಸೆರೆಮನೆ ಸೇರಿದ ಮೇಲೆ, ಲಾಹೋರಿನ ಸರ್ ಗಂಗಾರಾಮ್ ಅವರು ಆ ಭೂಮಿಯನ್ನು ಗೇಣಿಗೆ ಪಡೆದು ಸೌದೆಗೆ ದಾರಿ ಮಾಡಿಕೊಟ್ಟರು. ಅಡುಗೆಮನೆಯ ಸೌದೆಗಾಗಿ ಇಷ್ಟು ಜನ ಪೆಟ್ಟು ತಿಂದ ಉದಾಹರಣೆ ನಮ್ಮ ಚರಿತ್ರೆಯಲ್ಲಿ ಇನ್ನೊಂದು ಕಾಣದು.

ಎರಡು ವರ್ಷಗಳ ಬಳಿಕ ಈ ಲಂಗರು ದಕ್ಷಿಣಕ್ಕೂ ಬಂದಿತು. ೧೯೨೪ರಲ್ಲಿ, ದೇವಾಲಯದ ಸುತ್ತಲಿನ ರಸ್ತೆಗಳಲ್ಲಿ ನಡೆಯುವ ಹಕ್ಕಿಗಾಗಿ ಕೇರಳದ ವೈಕಂನಲ್ಲಿ ಸತ್ಯಾಗ್ರಹ ನಡೆದಾಗ, ಪಂಜಾಬಿನಿಂದ ಬಂದ ಅಕಾಲಿಗಳು ಸತ್ಯಾಗ್ರಹಿಗಳಿಗಾಗಿ ಉಚಿತ ಭೋಜನಶಾಲೆಯನ್ನು ತೆರೆದರು. ಗಾಂಧೀಜಿ ಇದನ್ನು ಒಪ್ಪಲಿಲ್ಲವಾದ್ದರಿಂದ ಅದು ಹೆಚ್ಚು ಕಾಲ ನಡೆಯಲಿಲ್ಲ.

೧೯೪೫ರಲ್ಲಿ ಅಂಗೀಕೃತವಾದ ಸಿಖ್ ರಹತ್ ಮರ್ಯಾದಾ ಎಂಬ ಆಚಾರಸಂಹಿತೆ ಲಂಗರಿಗೆ ಎರಡು ಉದ್ದೇಶಗಳನ್ನು ಹೇಳುತ್ತದೆ: ಸೇವೆಯನ್ನು ಕಲಿಸುವುದು, ಮೇಲುಕೀಳುಗಳ ಭೇದವನ್ನು ಅಳಿಸುವುದು. ಹಸಿವನ್ನು ನೀಗುವುದು ಇವೆರಡರಲ್ಲಿ ಯಾವುದೂ ಅಲ್ಲವೆಂಬುದನ್ನು ಗಮನಿಸಬೇಕು. ಅದು ತಾನಾಗಿಯೇ ಆಗುವ ಫಲ. ಆದರೂ ಪಂಜಾಬಿನ ಹಲವು ಹಳ್ಳಿಗಳಲ್ಲಿ ಇಂದಿಗೂ ಜಾತಿಗೊಂದರಂತೆ ಗುರುದ್ವಾರಗಳಿರುವುದನ್ನು ಸಮಾಜಶಾಸ್ತ್ರಜ್ಞರು ದಾಖಲಿಸಿದ್ದಾರೆ. ನಿಯಮ ಬರೆದಲ್ಲಿಗೆ ಪಂಕ್ತಿ ನೇರವಾಗುವುದಿಲ್ಲ. ಅದನ್ನು ದಿನದಿನವೂ ನೇರಗೊಳಿಸುತ್ತಿರಬೇಕು.

೪

ಮೂರನೆಯ ಪ್ರಶ್ನೆಯನ್ನು ನಾವು ಎದುರಿಸಿದುದು ಗ್ರಂಥಾಲಯದಲ್ಲಲ್ಲ. ಎರಡನೆಯ ಭೇಟಿಯಲ್ಲಿ ಸೇವೆಗೆ ನಿಂತೆವು. ಮೊದಲು ರೊಟ್ಟಿ ಲಟ್ಟಿಸುವ ಸಾಲಿನಲ್ಲಿ ಕೂರಿಸಿದರು. ನಮ್ಮ ರೊಟ್ಟಿಗಳು ಒಂದೊಂದು ದಿಕ್ಕಿಗೆ ಒಂದೊಂದು ಕೋಡು ಮಾಡಿಕೊಂಡು ಹೊರಟವು. ಪಕ್ಕದ ವೃದ್ಧೆಯೊಬ್ಬರು ನಕ್ಕು, "ಬರುತ್ತೆ ಪುತ್ತರ್, ನಿಧಾನ" ಎಂಬರ್ಥದ ಪಂಜಾಬಿ ಮಾತನ್ನಾಡಿ, ಲಟ್ಟಣಿಗೆಯನ್ನು ಹಿಡಿಯುವ ಬಗೆಯನ್ನು ತೋರಿಸಿಕೊಟ್ಟರು. ತಲೆ ನರೆತ ನಮ್ಮನ್ನು ಮಗುವೆಂದು ಕರೆದವರನ್ನು ಕಂಡು ಎಷ್ಟೋ ಕಾಲವಾಗಿತ್ತು.

ಆಮೇಲೆ ಪಾತ್ರೆ ತೊಳೆಯುವಲ್ಲಿಗೆ ಹೋದೆವು. ಉಂಡ ತಟ್ಟೆಗಳು ರಾಶಿರಾಶಿಯಾಗಿ ಬಂದು ಬೀಳುತ್ತವೆ. ಮೊದಲ ಸಾಲಿನವರು ಉಳಿದುದನ್ನು ಝಾಡಿಸುತ್ತಾರೆ. ಅನಂತರ ಒಂದು ತೊಟ್ಟಿಯಿಂದ ಇನ್ನೊಂದು ತೊಟ್ಟಿಗೆ ತಟ್ಟೆ ಸಾಗುತ್ತದೆ. ನಮಗೆ ಸಿಕ್ಕುದು ಮೊದಲ ಸಾಲು. ಯಾರೋ ಅರ್ಧ ಕಚ್ಚಿ ಬಿಟ್ಟ ರೊಟ್ಟಿ, ಬೇಳೆಯಲ್ಲಿ ನೆನೆದು ತಟ್ಟೆಗೆ ಅಂಟಿಕೊಂಡಿತ್ತು. ನಮ್ಮ ಕೈ ಮುಂದೆ ಹೋಗದೆ ನಿಂತಿತು. ಅದು ನಿಂತುದನ್ನು ಬೇರೆ ಯಾರೂ ಗಮನಿಸಲಿಲ್ಲ, ನಾವು ಗಮನಿಸಿದೆವು. ಮೂವತ್ತು ವರ್ಷ ವಚನಗಳನ್ನು ಪಾಠಮಾಡಿದ ಕೈ ಅದು. ಎಂಜಲು, ಮುಸುರೆ, ಮೈಲಿಗೆ ಎಂಬ ಮೂರು ಕನ್ನಡ ಪದಗಳು ನಮ್ಮ ಬುದ್ಧಿಯಿಂದ ಎಂದೋ ಹೋಗಿದ್ದವೆಂದು ನಂಬಿದ್ದೆವು. ಅವು ಬೆರಳುಗಳಲ್ಲಿ ಉಳಿದುಕೊಂಡಿದ್ದವು. ಪಕ್ಕದಲ್ಲಿದ್ದ ಹತ್ತು ಹನ್ನೆರಡು ವರ್ಷದ ಹುಡುಗಿ ಅಷ್ಟರಲ್ಲಿ ನಾಲ್ಕು ತಟ್ಟೆಗಳನ್ನು ಮುಂದೆ ತಳ್ಳಿದ್ದಳು. ನಾವೂ ತಟ್ಟೆಯನ್ನೆತ್ತಿಕೊಂಡೆವು.

ದಾಸೋಹದ ವಿಚಾರವನ್ನು ಇಲ್ಲಿಂದ ನೋಡಬೇಕೆಂದು ನಮ್ಮ ಅಭಿಪ್ರಾಯ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಶರಣರು ದಾನ ಎಂಬ ಪದದಲ್ಲಿದ್ದ ಅಹಂಕಾರವನ್ನು ಗುರುತಿಸಿ, ಕೊಡುವವನನ್ನೇ ದಾಸನಾಗಿಸಿದರು. ದಾಸೋಹಕ್ಕೆ ಸಲ್ಲುವುದು ಕಾಯಕದಿಂದ ಬಂದುದು ಮಾತ್ರ. ಶೂನ್ಯಸಂಪಾದನೆಯಲ್ಲಿ ಬರುವ ಆಯ್ದಕ್ಕಿ ಮಾರಯ್ಯ ಬಸವಣ್ಣನವರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುತ್ತಿದ್ದವನು. ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ ಮಡದಿ ಲಕ್ಕಮ್ಮ ಅದನ್ನು ಹಿಂದಕ್ಕೆ ಕಳುಹಿಸುತ್ತಾಳೆ. ಅನ್ನ ಎಲ್ಲಿಂದ ಬಂತು ಎಂಬ ಪ್ರಶ್ನೆಯನ್ನು ಲಕ್ಕಮ್ಮನಷ್ಟು ನಿಷ್ಠುರವಾಗಿ ಕೇಳಿದವರು ವಿರಳ. ಈ ವಿಷಯದಲ್ಲಿ ದಾಸೋಹ, ದಸ್ವಂಧಕ್ಕಿಂತ ಒಂದು ಹೆಜ್ಜೆ ಮುಂದಿದೆಯೆನ್ನಲಡ್ಡಿಯಿಲ್ಲ.

ಆದರೆ ವ್ಯತ್ಯಾಸವನ್ನೂ ಹೇಳಬೇಕು. ದಾಸೋಹದಲ್ಲಿ ಸ್ವೀಕರಿಸುವವನು ಜಂಗಮ. ತತ್ತ್ವದಲ್ಲಿ ಜಂಗಮನಿಗೆ ಕುಲವಿಲ್ಲ. ಕಾಲಾಂತರದಲ್ಲಿ ಜಂಗಮವೆಂಬುದು ಹುಟ್ಟಿನಿಂದ ಬರುವ ಹೆಸರಾದಾಗ, ಉಣ್ಣುವವನ ಸ್ಥಾನ ನಿಶ್ಚಿತವಾಯಿತು. ಲಂಗರಿನಲ್ಲಿ ಅಂಥ ವಿಶಿಷ್ಟ ಅತಿಥಿಯಿಲ್ಲ. ಇರುವುದು ಪಂಕ್ತಿ ಮಾತ್ರ. ಕೊಡುವವನ ಅಹಂಕಾರವನ್ನು ಕರಗಿಸುವುದು ದಾಸೋಹದ ಸಾಧನೆಯಾದರೆ, ಉಣ್ಣುವವರ ನಡುವಣ ಅಂತರವನ್ನು ಕರಗಿಸುವುದು ಲಂಗರಿನ ಸಾಧನೆ. ಇಪ್ಪತ್ತನೆಯ ಶತಮಾನದಲ್ಲಿ ಸಿದ್ಧಗಂಗೆಯಂತಹ ಮಠಗಳು ಎಲ್ಲ ಜಾತಿಗಳ ಮಕ್ಕಳಿಗೂ ಅನ್ನ, ಅಕ್ಷರ, ಆಶ್ರಯಗಳನ್ನು ಕೊಟ್ಟು ದಾಸೋಹವನ್ನು ಮತ್ತೆ ವಿಸ್ತರಿಸಿದುದು ನಮ್ಮ ಕಾಲದ ದೊಡ್ಡ ಸಂಗತಿ. ಅಲ್ಲಿಯೂ ಒಂದು ಪಂಕ್ತಿಯನ್ನು ಮರಳಿ ಗಳಿಸಬೇಕಾಯಿತೆಂಬುದನ್ನು ಮರೆಯಬಾರದು.

೫

ಮೂರು ಭಾನುವಾರ ಕಳೆದರೂ ನಮ್ಮ ಹೆಸರನ್ನಾಗಲಿ ಉದ್ಯೋಗವನ್ನಾಗಲಿ ಯಾರೂ ಕೇಳಲಿಲ್ಲ. ಊರನ್ನು ಮಾತ್ರ ಒಬ್ಬ ವೃದ್ಧರು ಕೇಳಿದರು. ನಮ್ಮ ಕಡೆ 'ಯಾವೂರು?' ಎಂಬುದರ ಬೆನ್ನಿಗೇ 'ಯಾವ ಪೈಕಿ?' ಎಂಬುದು ಬರುವುದುಂಟು. ಅದು ಬರಲಿಲ್ಲ. ಕರ್ನಾಟಕವೆಂದಾಗ ತಲೆಯಾಡಿಸಿ ಸುಮ್ಮನಾದರು. ನಮ್ಮ ವಿದ್ಯಾರ್ಥಿ "ಬೀದರ್" ಎಂದೊಡನೆ ಒದ್ದೆಕೈಗಳನ್ನು ಒರೆಸಿಕೊಂಡು ಜೋಡಿಸಿದರು. "ಭಾಯಿ ಸಾಹಿಬ್ ಸಿಂಹರ ಊರು" ಎಂದರು.

೧೬೯೯ರಲ್ಲಿ ಆನಂದಪುರದಲ್ಲಿ ಗುರು ಗೋವಿಂದ ಸಿಂಹರು ಖಾಲ್ಸಾವನ್ನು ಸ್ಥಾಪಿಸಿದಾಗ ತಲೆಯೊಪ್ಪಿಸಲು ಮುಂದೆ ಬಂದ ಐವರಲ್ಲಿ ಒಬ್ಬನು ಬೀದರಿನ ಕ್ಷೌರಿಕ ಸಾಹಿಬ್ ಚಂದ್. ಲಾಹೋರಿನ ಖತ್ರಿ, ಹಸ್ತಿನಾಪುರದ ಜಾಟ, ಪುರಿಯ ನೀರು ಹೊರುವವನು, ದ್ವಾರಕೆಯ ಬಟ್ಟೆಗೆ ಅಚ್ಚೊತ್ತುವವನು ಉಳಿದ ನಾಲ್ವರೆಂದು ಪರಂಪರೆ ಹೇಳುತ್ತದೆ. ಐವರೂ ಒಂದೇ ಪಾತ್ರೆಯಿಂದ ಅಮೃತವನ್ನು ಕುಡಿದರು. ಅನಂತರ ಗುರುವೇ ಅವರ ಮುಂದೆ ನಿಂತು ಅವರಿಂದ ಅಮೃತವನ್ನು ಬೇಡಿ ಪಡೆದರು. ಎಂಜಲೆಂಬ ಕಲ್ಪನೆಗೆ ಇದಕ್ಕಿಂತ ನೇರವಾದ ಉತ್ತರವನ್ನು ನಾವರಿಯೆವು. ಆ ಪಾತ್ರೆಗೆ ತುಟಿಯಿಟ್ಟವರಲ್ಲಿ ಒಬ್ಬರು ಬೀದರಿನವರು. ನಾನಕರ ಹೆಸರಿನ ಝೀರಾ, ಅಂದರೆ ನೀರಬುಗ್ಗೆ, ಇರುವುದೂ ಅದೇ ಬೀದರಿನಲ್ಲಿ. ಅಲ್ಲಿಯೂ ಲಂಗರು ನಡೆಯುತ್ತದೆ. ಬಸವಣ್ಣನವರ ಕಲ್ಯಾಣ ಇರುವುದೂ ಅದೇ ಜಿಲ್ಲೆಯಲ್ಲಿ. ಇದರಿಂದ ಒಂದರ ಪ್ರಭಾವ ಇನ್ನೊಂದರ ಮೇಲಾಯಿತೆಂದು ಸಾಧಿಸಹೊರಡುವುದು ಅವಸರದ ಮಾತು. ಒಂದೇ ನೆಲ ಎರಡು ಬೇರೆ ದಾರಿಗಳಿಂದ ಒಂದೇ ಪ್ರಶ್ನೆಗೆ ಸಂಬಂಧಪಟ್ಟಿತೆಂದಷ್ಟೇ ಹೇಳಬಹುದು.

ಆ ವೃದ್ಧರು ದೆಹಲಿಯಲ್ಲೇ ಬಾಳಿದವರು. ೧೯೮೪ರ ನವೆಂಬರಿನಲ್ಲಿ ಈ ನಗರದಲ್ಲಿ ಅಧಿಕೃತ ಲೆಕ್ಕದಂತೆಯೇ ೨,೭೩೩ ಸಿಖ್ಖರ ಹತ್ಯೆಯಾಯಿತು. ಅವರು ಅದನ್ನು ಕುರಿತು ಏನನ್ನೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಅದೇ ನಗರದ ಅಪರಿಚಿತರು ಉಂಡು ಬಿಟ್ಟ ತಟ್ಟೆಗಳನ್ನು ಅವರು ನಮ್ಮ ಪಕ್ಕದಲ್ಲಿ ನಿಂತು ತೊಳೆಯುತ್ತಿದ್ದರು. ೨೦೨೧ರ ಏಪ್ರಿಲ್ ತಿಂಗಳಲ್ಲಿ ಕೋವಿಡ್ ರೋಗಿಗಳಿಗೆ ಉಸಿರು ಸಿಗದಾದಾಗ, ದೆಹಲಿಯ ನೆರೆಯ ಗಾಜಿಯಾಬಾದಿನ ಗುರುದ್ವಾರವೊಂದು ಆಕ್ಸಿಜನ್ ಲಂಗರನ್ನು ತೆರೆಯಿತು. ಅಲ್ಲಿಯೂ ಬಂದವರ ಜಾತಿಮತಗಳನ್ನು ಕೇಳಲಿಲ್ಲ.

ಕನ್ನಡದ ಅನ್ನಸತ್ರಗಳು, ಮಠಗಳ ದಾಸೋಹಗಳು, ದರ್ಗಾಗಳ ಲಂಗರುಗಳು ಇವುಗಳ ಚರಿತ್ರೆಯನ್ನು ನಾವು ಇದುವರೆಗೆ ದಾನಿಗಳ ಶಾಸನಗಳಿಂದ ಬರೆದಿದ್ದೇವೆ. ಅದನ್ನು ಅಡುಗೆಯವರು, ಬಡಿಸುವವರು, ಎಲೆಯೆತ್ತುವವರು ಇವರ ಕಡೆಯಿಂದ ಬರೆಯುವ ಕೆಲಸ ನಡೆಯಬೇಕಾಗಿದೆ. ಹಳೆಯ ಸಂತರ್ಪಣೆಗಳಲ್ಲಿ ಎಲೆಯೆತ್ತಿದವರಲ್ಲಿ ಕೆಲವರಾದರೂ ಇನ್ನೂ ನಮ್ಮ ನಡುವೆ ಇದ್ದಾರೆ. ಅವರ ಮಾತುಗಳನ್ನು ಅವರಿರುವಾಗಲೇ ದಾಖಲಿಸಿಕೊಳ್ಳಬೇಕು. ನಮ್ಮ ವಿದ್ಯಾರ್ಥಿ ಬೀದರ ಜಿಲ್ಲೆಯಲ್ಲಿ ಈ ಕೆಲಸವನ್ನು ಕೈಗೊಳ್ಳಲು ಒಪ್ಪಿದ್ದಾನೆ. ನಾವು ನಮ್ಮೂರಿನ ಮೂರನೆಯ ಪಂಕ್ತಿಯ ಆ ಗೆಳೆಯನ ಮನೆಯಿಂದ ಪ್ರಾರಂಭಿಸಬೇಕೆಂದಿದ್ದೇವೆ.